ಹೊರದೇಶದ ಪದವಿ, ಖಾನಾಪುರದ ರೋಗಿ



ಬೆಳಗಾವಿಯ ನೆಹರೂ ನಗರದ ಕಡೆ ಓಡಾಡುವವರಿಗೆ ಮಲೇಷ್ಯಾದ ವಿದ್ಯಾರ್ಥಿಗಳು ಹೊಸಬರಲ್ಲ. ಕೆ.ಎಲ್.ಇ. ಸಂಸ್ಥೆಯೂ ಮಲೇಷ್ಯಾದ ಸರಕಾರಿ ವಿಶ್ವವಿದ್ಯಾಲಯವಾದ ಯೂನಿವರ್ಸಿಟಿ ಸೈನ್ಸ್ ಮಲೇಷ್ಯಾವೂ ಕೂಡಿ 2010ರಲ್ಲಿ ನಮ್ಮೂರಿನಲ್ಲಿ ಒಂದು ವೈದ್ಯಕೀಯ ಕೋರ್ಸು ಶುರು ಮಾಡಿದವು. ಪಾಠ ನಡೆಯುವುದು ಬೆಳಗಾವಿಯಲ್ಲಿ. ವಾರ್ಡಿನಲ್ಲಿ ಮಲಗಿದ ರೋಗಿಗಳು ಬೈಲಹೊಂಗಲ, ಹುಕ್ಕೇರಿ, ಖಾನಾಪುರದ ಕಡೆಯವರು. ಕೊನೆಗೆ ಕೈಗೆ ಬರುವ ಪದವಿ ಮಾತ್ರ ಮಲೇಷ್ಯಾದ್ದು. ಓದು ಮುಗಿಸಿದ ಹುಡುಗ ಹುಡುಗಿಯರು ತಮ್ಮ ದೇಶಕ್ಕೆ ಹೋಗಿ ಎರಡು ವರ್ಷ ಆಸ್ಪತ್ರೆಗಳಲ್ಲಿ ದುಡಿದು, ಆಮೇಲೆ ತಜ್ಞತೆಯ ದಾರಿ ಹಿಡಿಯುತ್ತಾರೆ. ಅವರಲ್ಲಿ ಮನೋವೈದ್ಯರಾಗುವವರು ಮಾನಸಿಕ ಕಾಯಿಲೆಯ ಮೊದಲ ರೋಗಿಯನ್ನು ಕಂಡದ್ದು ನಮ್ಮ ಬೆಳಗಾವಿಯಲ್ಲಿ.

ಇದೇ ಜಿಲ್ಲೆಯಿಂದ ಎಷ್ಟೋ ಮಕ್ಕಳು ತದ್ವಿರುದ್ಧ ದಾರಿಯಲ್ಲಿ ಹೋಗುತ್ತಾರೆ. ಇಲ್ಲಿ ಸರಕಾರಿ ಸೀಟು ಸಿಗಲಿಲ್ಲ, ಖಾಸಗಿ ಸೀಟಿಗೆ ದುಡ್ಡಿಲ್ಲ. ಹೊಲ ಅಡವಿಟ್ಟು, ಬ್ಯಾಂಕಿನ ಸಾಲ ಎತ್ತಿ, ರಶಿಯಾ, ಜಾರ್ಜಿಯಾ, ಕಿರ್ಗಿಸ್ತಾನ, ಫಿಲಿಪೈನ್ಸ್ ಎಂದು ಹೊರಡುತ್ತಾರೆ. ಉಕ್ರೇನಿಗೂ ಹೋಗುತ್ತಿದ್ದರು. 2022ರ ಮಾರ್ಚಿನಲ್ಲಿ ಖಾರ್ಕಿವ್ ನಗರದ ಮೇಲೆ ಬಿದ್ದ ಶೆಲ್ಲಿಗೆ ಹಾವೇರಿ ಜಿಲ್ಲೆಯ ಒಬ್ಬ ವೈದ್ಯ ವಿದ್ಯಾರ್ಥಿ ಬಲಿಯಾದಾಗ ಇಡೀ ಉತ್ತರ ಕರ್ನಾಟಕ ಮರುಗಿತು. ನಮ್ಮ ಮಕ್ಕಳು ಅಷ್ಟು ದೂರ ಏಕೆ ಹೋಗುತ್ತಾರೆಂಬ ಪ್ರಶ್ನೆ ಆಗ ಮನೆಮನೆಯಲ್ಲೂ ಎದ್ದಿತು. ಹೋದವರು ಹಿಂದಿರುಗಿ ಬಂದ ಮೇಲೆ ಏನಾಗುತ್ತದೆಂಬ ಪ್ರಶ್ನೆ ಅಷ್ಟಾಗಿ ಏಳಲಿಲ್ಲ. ಅಂಥವರಲ್ಲಿ ಒಬ್ಬರು ಮನೋವೈದ್ಯರಾಗಬೇಕೆಂದರೆ ಎಷ್ಟು ಬಾಗಿಲು ದಾಟಬೇಕು, ಆ ಬಾಗಿಲುಗಳಲ್ಲಿ ಯಾವುದು ಇರಬೇಕಾದದ್ದು, ಯಾವುದು ಬೇಡವಾದದ್ದು ಎಂಬುದೇ ಇವತ್ತಿನ ನನ್ನ ಮಾತು.

ಒಂದು ದೇಶದ ವೈದ್ಯಪದವಿಯನ್ನು ಇನ್ನೊಂದು ದೇಶ ಒಪ್ಪಬೇಕೋ ಬೇಡವೋ ಎಂಬ ಜಗಳ ಹಳೆಯದು. ಅದರ ಪೆಟ್ಟು ತಿಂದವರಲ್ಲಿ ನಾವೇ ಮುಂದಿನವರು. ಬ್ರಿಟನ್ನಿನ ಜನರಲ್ ಮೆಡಿಕಲ್ ಕೌನ್ಸಿಲ್ 1930ರಲ್ಲಿ ಭಾರತೀಯ ವಿಶ್ವವಿದ್ಯಾಲಯಗಳ ವೈದ್ಯಪದವಿಗಳಿಗೆ ಕೊಟ್ಟಿದ್ದ ಮನ್ನಣೆಯನ್ನು ಹಿಂತೆಗೆದುಕೊಂಡಿತು. ಬೆಳಗಾವಿ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಮುಂಬಯಿಯಲ್ಲಿ ಓದಿದ ನಮ್ಮವರ ಪದವಿಗೂ ಲಂಡನ್ನಿನಲ್ಲಿ ಬೆಲೆ ಹೋಯಿತು. ನಮ್ಮ ಪದವಿಯನ್ನು ಅಳೆಯಲು ನಮ್ಮದೇ ಸಂಸ್ಥೆ ಬೇಕೆಂಬ ಒತ್ತಾಯ ಬಲಗೊಂಡು 1933ರಲ್ಲಿ ಭಾರತೀಯ ವೈದ್ಯಕೀಯ ಮಂಡಳಿಯ ಕಾಯಿದೆ ಬಂತು. ಆದರೆ ಆ ಕಾಯಿದೆ ವಿಶ್ವವಿದ್ಯಾಲಯದ ಪದವೀಧರರನ್ನಷ್ಟೇ ಲೆಕ್ಕಕ್ಕೆ ಹಿಡಿಯಿತು. ತಾಲ್ಲೂಕು ಊರುಗಳಲ್ಲಿ, ಸಂತೆ ಊರುಗಳಲ್ಲಿ ನಿಜವಾಗಿ ರೋಗಿಗಳನ್ನು ನೋಡುತ್ತಿದ್ದ, ವಿಶ್ವವಿದ್ಯಾಲಯದ ಪದವಿಯಿಲ್ಲದ ಲೈಸೆನ್ಷಿಯೇಟ್ ವೈದ್ಯರು ಅದರ ಹೊರಗೇ ಉಳಿದರು. ಮನ್ನಣೆಯ ನಿಯಮವನ್ನು ಬರೆಯುವವರ ಕಣ್ಣಿಗೆ ಹಳ್ಳಿಯ ರೋಗಿ ಬೀಳದೆ ಹೋದದ್ದು ಅಂದಿನಿಂದಲೂ ಉಂಟು.

ಸ್ವಾತಂತ್ರ್ಯದ ನಂತರ ಎರಡೂ ದೇಶಗಳ ನಡುವೆ ಮತ್ತೆ ಮನ್ನಣೆಯ ಕೊಡುಕೊಳ್ಳುವಿಕೆ ನಡೆಯಿತು. 1975ರಲ್ಲಿ ಬ್ರಿಟನ್ ಭಾರತದ ಪದವಿಗಳ ನೇರ ಮನ್ನಣೆಯನ್ನು ಮತ್ತೊಮ್ಮೆ ನಿಲ್ಲಿಸಿ, ಹೊರಗಿನಿಂದ ಬರುವ ವೈದ್ಯರಿಗೆ ಪರೀಕ್ಷೆ ಇಟ್ಟಿತು. ಇಂದು ನಮ್ಮ ಹುಡುಗರು ಬರೆಯುವ ಪ್ಲ್ಯಾಬ್ ಪರೀಕ್ಷೆಯ ಮೂಲ ಅಲ್ಲಿದೆ. ನಮ್ಮ ದೇಶ ಹೊರಗಿನ ಪದವಿಗೆ ಅಂಥ ಪರೀಕ್ಷೆ ಇಟ್ಟದ್ದು 2002ರಲ್ಲಿ.

ಮನೋವೈದ್ಯದ ಮಟ್ಟಿಗೆ ಹೇಳುವುದಾದರೆ ಹೊರಗೆ ಕಲಿತು ಬಂದವರ ಋಣ ನಮ್ಮ ಮೇಲೆ ದೊಡ್ಡದಿದೆ. ಮೈಸೂರು ಸಂಸ್ಥಾನದ ಡಾ. ಎಂ.ವಿ. ಗೋವಿಂದಸ್ವಾಮಿ ಹೊರದೇಶದಲ್ಲಿ ಮನೋವೈದ್ಯವನ್ನು ಕಲಿತು ಬಂದು ಬೆಂಗಳೂರಿನ ಮಾನಸಿಕ ಆಸ್ಪತ್ರೆಯನ್ನು ಕಟ್ಟಿ ಬೆಳೆಸಿದರು. 1954ರಲ್ಲಿ ಅದು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಾಯಿತು. ಮರುವರ್ಷವೇ ಮನೋವೈದ್ಯದ ಡಿಪ್ಲೊಮಾ ತರಗತಿ ಶುರುವಾಯಿತು. ಆ ತರಗತಿ ಆರಂಭವಾದಾಗಿನಿಂದ ಮನೋವೈದ್ಯ ಕಲಿಯಲು ಕನ್ನಡಿಗ ಹಡಗು ಹತ್ತಲೇಬೇಕೆಂಬುದು ತಪ್ಪಿತು. ಇಂದಿನ ನಿಮ್ಹಾನ್ಸ್ ಬೆಳೆದದ್ದು ಆ ಬೇರಿನಿಂದ. ನನಗೆ ಈ ಇತಿಹಾಸದಲ್ಲಿ ಮುಖ್ಯವಾಗಿ ಕಾಣುವುದು ಇಷ್ಟು: ಹೊರಗೆ ಕಲಿತದ್ದನ್ನು ಅವರು ಕಟ್ಟು ಹಾಕಿ ಗೋಡೆಗೆ ತೂಗುಹಾಕಲಿಲ್ಲ, ಇಲ್ಲಿಯ ರೋಗಿಗೆ ಒಗ್ಗಿಸಿದರು, ಇಲ್ಲಿಯ ವಿದ್ಯಾರ್ಥಿಗೆ ದಾಟಿಸಿದರು.

ಈಗ ಇಂದಿನ ದಾರಿಗೆ ಬರೋಣ. ತುಸು ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಮಕ್ಕಳನ್ನು ಕಳಿಸುವ ತಂದೆ ತಾಯಿಯರಲ್ಲಿ ಬಹಳ ಮಂದಿಗೆ ಇದು ಪೂರ್ತಿ ಗೊತ್ತಿರುವುದಿಲ್ಲ. ಏಜೆಂಟರು ಹೇಳುವುದೂ ಇಲ್ಲ.

ಹೊರದೇಶಕ್ಕೆ ಹೊರಡುವ ಮೊದಲೇ ಇಲ್ಲಿಯ ನೀಟ್ ಪರೀಕ್ಷೆಯಲ್ಲಿ ಅರ್ಹತೆ ಬೇಕು. 2018ರಿಂದ ಅದು ಕಡ್ಡಾಯ. ರಾಷ್ಟ್ರೀಯ ವೈದ್ಯಕೀಯ ಆಯೋಗ 2021ರ ನವೆಂಬರಿನಲ್ಲಿ ಹೊರಡಿಸಿದ ನಿಯಮದ ಪ್ರಕಾರ ಕೋರ್ಸು ಕನಿಷ್ಠ 54 ತಿಂಗಳಿನದಿರಬೇಕು, ಕಲಿಕೆ ಇಂಗ್ಲಿಷಿನಲ್ಲಿರಬೇಕು, ಅದೇ ವಿದೇಶಿ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಆಗಿರಬೇಕು, ಆ ದೇಶದಲ್ಲಿ ವೈದ್ಯನಾಗಿ ದುಡಿಯಲು ಯೋಗ್ಯವಾದ ಪದವಿಯೇ ಅದಾಗಿರಬೇಕು. ಅಲ್ಲಿ ಕೊಡುವ ಪದವಿಯ ಹೆಸರು ಹಲವು ಕಡೆ ಎಂ.ಡಿ. ಎಂದಿರುತ್ತದೆ, ಅದು ನಮ್ಮ ಎಂಬಿಬಿಎಸ್‌ಗೆ ಸಮಾನವೇ ಹೊರತು ತಜ್ಞನ ಪದವಿಯಲ್ಲ. ಮರಳಿ ಬಂದ ಮೇಲೆ ಎಫ್‌ಎಂಜಿಇ ಎಂಬ ಅರ್ಹತಾ ಪರೀಕ್ಷೆ. ವರ್ಷಕ್ಕೆ ಎರಡು ಸಲ, 300 ಪ್ರಶ್ನೆ, ಪಾಸಾಗಲು 150 ಅಂಕ. ಪರೀಕ್ಷೆಗೆ ಕೂತವರಲ್ಲಿ ಅರ್ಧದಷ್ಟು ಜನವೂ ಸಾಮಾನ್ಯವಾಗಿ ತೇರ್ಗಡೆಯಾಗುವುದಿಲ್ಲ. ಆದವರು ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ತಾತ್ಕಾಲಿಕ ನೋಂದಣಿ ಪಡೆದು, ಇಲ್ಲಿ ಮತ್ತೆ 12 ತಿಂಗಳು ಇಂಟರ್ನ್‌ಶಿಪ್ ಮಾಡಬೇಕು. ಅದಾದ ಮೇಲೆ ಶಾಶ್ವತ ನೋಂದಣಿ. ಆಮೇಲೆ ಸ್ನಾತಕೋತ್ತರ ಪ್ರವೇಶಕ್ಕೆ ನೀಟ್-ಪಿಜಿ, ನಿಮ್ಹಾನ್ಸ್‌ಗಾದರೆ ಬೇರೆ ಪರೀಕ್ಷೆ. ಅಂಕ ಬಂದು, ಸೀಟು ಸಿಕ್ಕಿದರೆ ಮನೋವೈದ್ಯದ ಎಂ.ಡಿ. ಮೂರು ವರ್ಷ. ಬೆಳಗಾವಿಯಲ್ಲೇ ಓದಬೇಕೆಂದರೆ 1963ರಲ್ಲಿ ಕೆ.ಎಲ್.ಇ. ಸಂಸ್ಥೆ ಸ್ಥಾಪಿಸಿದ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿದೆ.

ಹದಿನೆಂಟು ವರ್ಷದ ಹುಡುಗಿ ಇಲ್ಲಿಂದ ಹೊರಟರೆ, ಎಲ್ಲವೂ ಒಂದೇ ಸಲಕ್ಕೆ ಕೈಗೂಡಿದರೂ ಮನೋವೈದ್ಯೆಯಾಗಿ ಕುರ್ಚಿಯಲ್ಲಿ ಕೂರುವ ಹೊತ್ತಿಗೆ ಮೂವತ್ತರ ಹತ್ತಿರ ಬಂದಿರುತ್ತಾಳೆ. ಒಂದೊಂದು ಬಾಗಿಲಲ್ಲಿ ಒಂದೊಂದು ವರ್ಷ ತಡವಾದರೆ ಆ ಲೆಕ್ಕ ಎಲ್ಲಿಗೆ ಹೋಗುತ್ತದೆಂದು ನೀವೇ ಊಹಿಸಿ. ಸಾಲ ಅಷ್ಟು ಕಾಲ ಸುಮ್ಮನೆ ಕೂರುವುದಿಲ್ಲ. ಇಂಟರ್ನ್‌ಶಿಪ್ಪಿಗೆ ಜಾಗ ಸಿಗುವುದೂ ಸುಲಭವಾಗಿರಲಿಲ್ಲ. ಒಂದು ಕಾಲೇಜು ತನ್ನ ಸೀಟುಗಳ ಶೇ. 7.5ರಷ್ಟು ಜನ ವಿದೇಶಿ ಪದವೀಧರರನ್ನು ಮಾತ್ರ ಇಂಟರ್ನ್ ಆಗಿ ತೆಗೆದುಕೊಳ್ಳಬಹುದೆಂಬ ಮಿತಿಯನ್ನು ಆಯೋಗ ಹಾಕಿತ್ತು. 150 ಸೀಟಿನ ಕಾಲೇಜೆಂದರೆ ಹನ್ನೊಂದು ಜನ.

ಇಷ್ಟೆಲ್ಲ ಏಕೆ, ಪರೀಕ್ಷೆಯನ್ನೇ ತೆಗೆದುಹಾಕಿ ಎಂದು ಕೇಳುವ ತಂದೆ ತಾಯಿಯರಿದ್ದಾರೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಅವರ ಬೇಡಿಕೆಯನ್ನು ಒಪ್ಪಲಾರೆ. ಪದವಿ ಎಲ್ಲಿಯದು, ಆ ಕಾಲೇಜಿನಲ್ಲಿ ವಾರ್ಡು ಇತ್ತೋ ಇಲ್ಲವೋ ಎಂದು ರೋಗಿ ಪರೀಕ್ಷಿಸಲು ಸಾಧ್ಯವಿಲ್ಲ. ಅವನ ಪರವಾಗಿ ಯಾರಾದರೂ ಪರೀಕ್ಷಿಸಲೇಬೇಕು. ಮನೋವೈದ್ಯದಲ್ಲಿ ಇದು ಇನ್ನೂ ಗಂಭೀರ. 2018ರ ಮೇ ತಿಂಗಳಿನಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ಪ್ರಕಾರ, ತನ್ನ ಬಗ್ಗೆ ತಾನೇ ನಿರ್ಧಾರ ಮಾಡುವ ಸ್ಥಿತಿಯಲ್ಲಿಲ್ಲದ ರೋಗಿಯನ್ನು ನಾಮನಿರ್ದೇಶಿತ ಪ್ರತಿನಿಧಿಯ ಕೋರಿಕೆಯ ಮೇಲೆ 30 ದಿನಗಳವರೆಗೆ ಆಸ್ಪತ್ರೆಯಲ್ಲಿ ಇರಿಸಿಕೊಳ್ಳಬಹುದು. ಅದಕ್ಕೆ ಬೇಕಾದ ಪರೀಕ್ಷೆಯಲ್ಲಿ ಮನೋವೈದ್ಯನ ಮಾತಿಗೆ ತೂಕವಿದೆ. ಬೇರೆ ಯಾವ ತಜ್ಞನ ಅಭಿಪ್ರಾಯಕ್ಕೂ ಒಬ್ಬ ಮನುಷ್ಯನ ಓಡಾಟವನ್ನೇ ತಡೆಯುವ ಇಷ್ಟು ಬಲವಿಲ್ಲ. ಅಂಥ ಅಧಿಕಾರ ಹಿಡಿಯುವವರ ಅರ್ಹತೆಯನ್ನು ಕಟ್ಟುನಿಟ್ಟಾಗಿ ಅಳೆಯಬೇಕು.

ನನ್ನ ತಕರಾರು ಅಳತೆ ಇದೆ ಎಂಬುದರ ಮೇಲಲ್ಲ, ಏನನ್ನು ಅಳೆಯುತ್ತಿದ್ದೇವೆ ಎಂಬುದರ ಮೇಲೆ. ಎಫ್‌ಎಂಜಿಇಯ 300 ಅಂಕಗಳಲ್ಲಿ ಮನೋವೈದ್ಯಕ್ಕೆ ಮೀಸಲಾದದ್ದು 5. ಇಲ್ಲಿಯ ಇಂಟರ್ನ್‌ಶಿಪ್ಪಿನ ಒಂದು ವರ್ಷದಲ್ಲಿ ಮನೋವೈದ್ಯ ವಿಭಾಗಕ್ಕೆ ಸಿಗುವುದು ಎರಡು ವಾರ. ನೀಟ್-ಪಿಜಿಯೂ 200 ಪ್ರಶ್ನೆಗಳ, ಸರಿಯುತ್ತರ ಆರಿಸುವ ಪರೀಕ್ಷೆ. ಹೊರದೇಶದಿಂದ ಬಂದ ವೈದ್ಯ ಮನೋವೈದ್ಯದ ತರಬೇತಿಗೆ ಸೇರುವವರೆಗೆ ಬರೆಯುವ ಎರಡೂ ಪರೀಕ್ಷೆಗಳಲ್ಲಿ ಒಬ್ಬ ರೋಗಿಯ ಎದುರು ಕುಳಿತು ಒಂದು ಮಾತನ್ನೂ ಆಡಬೇಕಾಗಿಲ್ಲ. ಆ ವೈದ್ಯನ ಬಾಯಿಯನ್ನೂ ಕಿವಿಯನ್ನೂ ಯಾರೂ ಪರೀಕ್ಷಿಸುವುದಿಲ್ಲ. ಮನೋವೈದ್ಯನ ಸಾಧನಗಳೆಂದರೆ ಅವೆರಡೇ ಅಲ್ಲವೇ?

ಇಲ್ಲೇ ಓದುವ ವಿದ್ಯಾರ್ಥಿಗೂ ಇದೇ ನೀಟ್-ಪಿಜಿ, ನಿಜ. ಆದರೆ ಅವನು ನಾಲ್ಕೂವರೆ ವರ್ಷ ನಮ್ಮ ವಾರ್ಡುಗಳಲ್ಲಿ, ನಮ್ಮ ಜನರ ನಡುವೆ ಓಡಾಡಿರುತ್ತಾನೆ. ಕೋರ್ಸಿನ ಆರಂಭದ ಬುನಾದಿ ತರಗತಿಯಲ್ಲೇ ಸ್ಥಳೀಯ ಭಾಷೆ ಕಲಿಸಬೇಕೆಂಬುದು ಈಗಿನ ಪಠ್ಯಕ್ರಮದಲ್ಲಿದೆ. ಹೊರಗೆ ಓದಿದವನು ಆ ವರ್ಷಗಳಲ್ಲಿ ರಶಿಯನ್ನಿನಲ್ಲೋ ಕಿರ್ಗಿಜ್ ಭಾಷೆಯಲ್ಲೋ ರೋಗಿಯ ಜೊತೆ ತಡವರಿಸಿರುತ್ತಾನೆ. ಪಾಠ ಇಂಗ್ಲಿಷಿನಲ್ಲಿ ನಡೆದರೂ ಹಾಸಿಗೆಯ ಮೇಲಿನ ರೋಗಿ ಇಂಗ್ಲಿಷ್ ಆಡುವುದಿಲ್ಲವಲ್ಲ.

ಈಗ ಖಾನಾಪುರಕ್ಕೆ ಬರೋಣ. ಬೆಳಗಾವಿಯಿಂದ ಇಪ್ಪತ್ತೈದು ಕಿಲೋಮೀಟರಿನ ಹಾದಿ, ಆದರೆ ತಾಲ್ಲೂಕಿನ ಒಳಗೆ ಹೋದಂತೆ ದೂರದ ಲೆಕ್ಕ ಬೇರೆಯಾಗುತ್ತದೆ. ಮಲಪ್ರಭೆ ಹುಟ್ಟುವ ಕಣಕುಂಬಿ, ಜಾಂಬೋಟಿ, ಭೀಮಗಡದ ಕಾಡೊಳಗಿನ ಆಮಗಾಂವ, ಗವ್ವಾಳಿ, ಕೊಂಗಳಾ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ರೋಗಿಯನ್ನು ಹೊತ್ತು ತರಬೇಕಾದ ಊರುಗಳಿವು. ಪೂರ್ವಕ್ಕೆ ಬೀಡಿ, ಕಕ್ಕೇರಿ, ಪಾರಿಶ್ವಾಡ, ಇಟಗಿಯ ಕಡೆ ಕನ್ನಡ. ಪಶ್ಚಿಮಕ್ಕೆ ಹೋದಂತೆ ಮರಾಠಿ, ಕೊಂಕಣಿ. ಕಾಡಂಚಿನಲ್ಲಿ ಗೌಳಿಗರ ಹಟ್ಟಿಗಳು. ಒಂದೇ ತಾಲ್ಲೂಕು ಆಸ್ಪತ್ರೆಯ ಒಂದೇ ಸರದಿಯಲ್ಲಿ ಮೂರು ನಾಲ್ಕು ಭಾಷೆಗಳ ಸಂಕಟ ನಿಂತಿರುತ್ತದೆ.

ಆ ಸರದಿಯಲ್ಲಿ ನಿಂತವರು ತಮಗೆ ಖಿನ್ನತೆಯೆಂದೋ ಆತಂಕದ ಕಾಯಿಲೆಯೆಂದೋ ಹೇಳುವುದಿಲ್ಲ. ‘ಎದಿ ಧಡಧಡ ಅಂತೈತ್ರಿ’ ಎನ್ನುತ್ತಾರೆ. ‘ನಿದ್ದಿ ಹತ್ತವಲ್ದು, ಊಟ ಸೇರವಲ್ದು’ ಎನ್ನುತ್ತಾರೆ. ‘ಯಾರೋ ಏನೋ ಮಾಡಿಸ್ಯಾರ್ರಿ’ ಎಂದು ಜೊತೆಗೆ ಬಂದ ಅತ್ತೆ ಹೇಳುತ್ತಾಳೆ, ಸೊಸೆ ನೆಲ ನೋಡುತ್ತಾಳೆ. ಆ ಸೊಸೆಗೆ ಹೆರಿಗೆಯಾಗಿ ಎರಡು ವಾರವಾಗಿರಬಹುದು. ಆಗ ಇದು ಬಾಣಂತಿಯ ತೀವ್ರ ಮನೋವಿಕಾರವಾಗಿದ್ದು, ತಾಯಿಗೂ ಕೂಸಿಗೂ ಅಪಾಯವಿರಬಹುದು. ಥೈರಾಯ್ಡಿನ ತೊಂದರೆಯೂ ಇರಬಹುದು. ಗಂಡನ ಕುಡಿತ, ಮನೆಯೊಳಗಿನ ಹೊಡೆತ ಇರಬಹುದು. ಯಾವುದೆಂದು ತಿಳಿಯಬೇಕಾದರೆ ವೈದ್ಯ ಅತ್ತೆಯನ್ನು ನಯವಾಗಿ ಹೊರಗೆ ಕೂರಿಸಬೇಕು, ಸೊಸೆ ಬಾಯಿ ಬಿಡುವವರೆಗೆ ಕಾಯಬೇಕು, ‘ಜೀವ ಬ್ಯಾಡ ಅನಸ್ತೈತೇನವ್ವ?’ ಎಂದು ಕೇಳುವ ಧೈರ್ಯವೂ ದನಿಯೂ ಅವನಲ್ಲಿರಬೇಕು. ಆ ಪ್ರಶ್ನೆಗೆ ಬರುವ ಉತ್ತರದ ಮೇಲೆ ಒಂದು ಪ್ರಾಣ ನಿಂತಿರುತ್ತದೆ. ಶಸ್ತ್ರವೈದ್ಯ ದುಭಾಷಿಯನ್ನಿಟ್ಟುಕೊಂಡು ಅಪೆಂಡಿಕ್ಸ್ ತೆಗೆಯಬಹುದು. ಆದರೆ ಈ ಪ್ರಶ್ನೆಯನ್ನು ದುಭಾಷಿಯ ಮೂಲಕ ಕೇಳಿಸಿದರೆ ಅದು ಅರ್ಧ ಸತ್ತಂತೆ. ದುಭಾಷಿ ಸಾಮಾನ್ಯವಾಗಿ ಅದೇ ಅತ್ತೆಯೇ ಆಗಿರುತ್ತಾಳೆ.

ಇಲ್ಲಿಯ ಜನಕ್ಕೆ ಹಿಂದೆಲ್ಲ ದಾರಿಯೆಂದರೆ ಧಾರವಾಡ. 1845ರಲ್ಲಿ ಶುರುವಾದ ಅಲ್ಲಿಯ ಮಾನಸಿಕ ಆಸ್ಪತ್ರೆ ಇಂದು ಡಿಮ್ಹಾನ್ಸ್ ಆಗಿದೆ. ಲೋಂಡಾದಲ್ಲಿ ರೈಲು ಹಿಡಿದು ಅಳ್ನಾವರದ ಮೇಲೆ ಧಾರವಾಡಕ್ಕೆ ಕಾಯಿಲೆಯ ಮಗನನ್ನು ಕರೆದುಕೊಂಡು ಹೋಗಿಬರುವುದೆಂದರೆ ಒಂದು ದಿನದ ಕೂಲಿ ಹೋಯಿತು. ಅದಕ್ಕೇ ಔಷಧ ನಡುವೆಯೇ ನಿಲ್ಲುತ್ತಿತ್ತು, ಕಾಯಿಲೆ ಮರುಕಳಿಸುತ್ತಿತ್ತು. ಈ ದೂರವನ್ನು ಕಡಿಮೆ ಮಾಡುವುದು ಹೇಗೆಂದು ದೇಶಕ್ಕೆ ತೋರಿಸಿಕೊಟ್ಟದ್ದು ನಮ್ಮ ಬಳ್ಳಾರಿ ಜಿಲ್ಲೆ. 1985ರಿಂದ 1990ರವರೆಗೆ ನಿಮ್ಹಾನ್ಸ್‌ನ ತಂಡ ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು, ಬೇಕಾದ ಕೆಲವೇ ಔಷಧಗಳನ್ನು ಊರಿನ ಹತ್ತಿರ ಸಿಗುವಂತೆ ಮಾಡಿತು. ಆ ಅನುಭವದ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಶುರುವಾಯಿತು. ನಮ್ಮ ರಾಜ್ಯ ಮುಂದೆ ಮನೋಚೈತನ್ಯ ಎಂಬ ಹೆಸರಿನಲ್ಲಿ, ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುವ ಏರ್ಪಾಟು ಮಾಡಿತು. ಒಳ್ಳೆಯ ಏರ್ಪಾಟು. ಆದರೆ ಮಂಗಳವಾರ ಬಂದು ಕೂರಲು ಮನೋವೈದ್ಯರು ಬೇಕಲ್ಲ. ದೇಶದಲ್ಲಿ ಒಂದು ಲಕ್ಷ ಜನರಿಗೆ ಒಬ್ಬ ಮನೋವೈದ್ಯನೂ ಪೂರ್ತಿಯಾಗಿ ಇಲ್ಲ, ಲೆಕ್ಕ 0.75ರ ಆಸುಪಾಸು. ಕನಿಷ್ಠ ಮೂವರಾದರೂ ಇರಬೇಕೆಂದು ತಿಳಿದವರು ಹೇಳುತ್ತಾರೆ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಕಂಡಂತೆ, ಕಾಯಿಲೆ ಯಾವುದೇ ಇರಲಿ, ಬಹುಪಾಲು ರೋಗಿಗಳು ಚಿಕಿತ್ಸೆಯ ಹೊರಗೇ ಉಳಿದಿದ್ದಾರೆ.

ಇಷ್ಟು ಕೊರತೆ ಇರುವಾಗ, ತಜ್ಞರಾಗಿಯೇ ಹೊರದೇಶದಿಂದ ಮರಳುವವರ ಕಥೆ ಏನು? ಅದೂ ಹೇಳಬೇಕು. ಬೆಳಗಾವಿಯಲ್ಲಿ ಓದಿದವರು ಬ್ರಿಟನ್ನಿಗೆ ಹೋದರೆ ಅಲ್ಲಿ ಮೂರು ವರ್ಷ ಮೂಲ ತರಬೇತಿ, ಮೂರು ವರ್ಷ ಮೇಲಿನ ತರಬೇತಿ. ನಡುವೆ ರಾಯಲ್ ಕಾಲೇಜ್ ಆಫ್ ಸೈಕಿಯಾಟ್ರಿಸ್ಟ್ಸ್ ನಡೆಸುವ ಎಂಆರ್‌ಸಿಸೈಕ್ ಪರೀಕ್ಷೆ. ಆ ಪರೀಕ್ಷೆಯ ಕೊನೆಯ ಭಾಗದಲ್ಲಿ ಅಭ್ಯರ್ಥಿ 16 ನಿಲ್ದಾಣಗಳನ್ನು ದಾಟಬೇಕು. ಹೆಚ್ಚಿನವುಗಳಲ್ಲಿ ರೋಗಿಯ ಅಥವಾ ರೋಗಿಯ ಮನೆಯವರ ಪಾತ್ರ ವಹಿಸಿದ ಒಬ್ಬರು ಎದುರು ಕೂತಿರುತ್ತಾರೆ. ಹೇಗೆ ಕೇಳುತ್ತೀ, ಹೇಗೆ ಕಿವಿಗೊಡುತ್ತೀ, ಕಹಿ ಸುದ್ದಿಯನ್ನು ಹೇಗೆ ತಿಳಿಸುತ್ತೀ ಎಂಬುದಕ್ಕೆ ಅಂಕ. ನಮ್ಮಿಂದ ಹೋದ ಬಹಳ ಜನ ಪುಸ್ತಕದ ಭಾಗದಲ್ಲಿ ಸುಲಭವಾಗಿ ಗೆದ್ದು ಇಲ್ಲಿ ಎಡವುತ್ತಾರೆ. ಮನೋವೈದ್ಯನಿಗೆ ಮಾತೇ ಪರೀಕ್ಷೆಯೆಂದು ಬ್ರಿಟನ್ನಿನವರು ತಿಳಿದಿದ್ದಾರೆ. ಆ ತಿಳಿವನ್ನು ನಾವು ತೆಗೆದುಕೊಳ್ಳಬೇಕು.

ಅಲ್ಲಿ ತಜ್ಞರಾಗಿ ತಂದೆ ತಾಯಿಗಾಗಿ, ಊರಿಗಾಗಿ ಬೆಳಗಾವಿಗೆ ಮರಳುವವರಿಗೆ ನಮ್ಮ ನಿಯಮ ಪೂರ್ತಿ ಬಾಗಿಲು ಮುಚ್ಚಿಲ್ಲ. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಈ ಐದು ದೇಶಗಳ ಸ್ನಾತಕೋತ್ತರ ಅರ್ಹತೆಗಳಿಗೆ 2008ರಲ್ಲಿ ಮನ್ನಣೆ ಸಿಕ್ಕಿತು. ಆದರೆ ಆ ದೇಶದಲ್ಲೂ ಆ ಅರ್ಹತೆಯಿಂದ ಅದೇ ವಿಷಯದ ತಜ್ಞನೆಂದು ನೋಂದಾಯಿಸಿಕೊಳ್ಳಲು ಸಾಧ್ಯವಿರಬೇಕೆಂಬ ಷರತ್ತಿದೆ. ಆದ್ದರಿಂದ ಬರೀ ಪರೀಕ್ಷೆ ಪಾಸಾಗಿ ತರಬೇತಿ ಮುಗಿಸದೆ ಬಂದವರಿಗೆ ಇದು ಅನ್ವಯಿಸುವುದು ಕಷ್ಟ. ಪಟ್ಟಿಯಲ್ಲಿ ರಶಿಯಾ ಇಲ್ಲ, ಮಲೇಷ್ಯಾವೂ ಇಲ್ಲ. ಅಲ್ಲಿಯೇ ಮನೋವೈದ್ಯದ ಉನ್ನತ ತರಬೇತಿ ಮುಗಿಸಿ ಬಂದ ನಮ್ಮ ಮಗಳು ಇಲ್ಲಿ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಮನ್ನಣೆಯನ್ನು ದೇಶದ ಹೆಸರು ನೋಡಿ ಕೊಡುವುದು ಸುಲಭ. ಒಬ್ಬೊಬ್ಬರ ತರಬೇತಿಯನ್ನು ತೂಗಿ ನೋಡಿ ಕೊಡುವುದು ಕಷ್ಟದ ಕೆಲಸ. ಬ್ರಿಟನ್ ಆ ಕಷ್ಟದ ಕೆಲಸವನ್ನೂ ಮಾಡುತ್ತದೆ. ಹೊರಗೆ ತರಬೇತಿ ಪಡೆದ ತಜ್ಞರು ತಮ್ಮ ಕೆಲಸದ ದಾಖಲೆಗಳನ್ನೆಲ್ಲ ಮುಂದಿಟ್ಟು ತಜ್ಞರ ಪಟ್ಟಿಗೆ ಸೇರಲು ಅಲ್ಲಿ ಬೇರೆಯೇ ದಾರಿ ಇದೆ.

ಮಲೇಷ್ಯಾದಲ್ಲೂ ಈಚೆಗೆ ಇಂಥದೇ ಪ್ರಶ್ನೆ ಎದ್ದಿತು. ತಮ್ಮ ದೇಶದ ಆಸ್ಪತ್ರೆಗಳಲ್ಲೇ ದುಡಿದು, ಬ್ರಿಟನ್ನಿನ ರಾಯಲ್ ಕಾಲೇಜುಗಳ ಪ್ರಮಾಣಪತ್ರ ಪಡೆದ ಕೆಲವು ತಜ್ಞರನ್ನು ಅಲ್ಲಿಯ ವೈದ್ಯಕೀಯ ಮಂಡಳಿ ನೋಂದಾಯಿಸಲಿಲ್ಲ. ತಜ್ಞರ ಕೊರತೆ ಕಣ್ಣಿಗೆ ಹೊಡೆಯುತ್ತಿದ್ದಾಗ ಇದು ದೊಡ್ಡ ಸುದ್ದಿಯಾಯಿತು. 2024ರಲ್ಲಿ ಅಲ್ಲಿಯ ಸಂಸತ್ತು ಕಾಯಿದೆಯನ್ನೇ ತಿದ್ದಿತು. ಬೆಳಗಾವಿಯಲ್ಲಿ ಓದಿ ಹೋದ ಮಲೇಷ್ಯಾದ ವೈದ್ಯರ ಮುಂದಿನ ದಾರಿಗೂ ಇದು ಸಂಬಂಧಪಟ್ಟ ಸಂಗತಿ.

ನಮ್ಮಲ್ಲೂ ತಿದ್ದುಪಡಿಯ ಆಶೆ ಹುಟ್ಟಿತ್ತು. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯಿದೆಯಲ್ಲಿ ನೆಕ್ಸ್ಟ್ ಎಂಬ ಒಂದೇ ನಿರ್ಗಮನ ಪರೀಕ್ಷೆಯ ಮಾತಿದೆ. ಇಲ್ಲಿ ಓದಿದವರಿಗೂ ಹೊರಗೆ ಓದಿದವರಿಗೂ ಅದೊಂದೇ, ಎರಡನೆಯ ಹಂತದಲ್ಲಿ ರೋಗಿಯ ಬಳಿ ನಡೆಯುವ ಪ್ರಾಯೋಗಿಕ ಪರೀಕ್ಷೆಯೂ ಇರಬೇಕೆಂಬ ಯೋಜನೆ. 2023ರಲ್ಲಿ ಅದನ್ನು ಮುಂದೂಡಿದರು. ಆ ಪ್ರಾಯೋಗಿಕ ಹಂತದಲ್ಲೂ ಮನೋವೈದ್ಯಕ್ಕೆ ಪ್ರತ್ಯೇಕ ಜಾಗವಿರಲಿಲ್ಲ. ಅದು ಮುಂದೆ ಬರುವುದಾದರೆ ಈ ಕೊರತೆ ತುಂಬಿಕೊಂಡು ಬರಲಿ ಎಂದು ಕೇಳುವ ಹಕ್ಕು ನಮಗಿದೆ.

ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಕೈಯಲ್ಲೇ ಇರುವ ನಿಯಮಗಳಿಂದ ಮಾಡಬಹುದಾದದ್ದು ಬೇಕಾದಷ್ಟಿದೆ. ಹೊರಗಿನಿಂದ ಬಂದ ಪದವೀಧರರು ಇಲ್ಲಿ ಹೇಗೂ ಒಂದು ವರ್ಷ ಇಂಟರ್ನ್ ಆಗಿ ದುಡಿಯುತ್ತಾರೆ. ಅವರಲ್ಲಿ ಮನೋವೈದ್ಯದ ಒಲವಿರುವವರನ್ನು, ಆ ವಿಭಾಗಕ್ಕೆ ಸಿಗುವ ಎರಡು ವಾರಗಳಾದರೂ ಜಿಲ್ಲಾ ಮಾನಸಿಕ ಆರೋಗ್ಯ ತಂಡದ ಜೊತೆ ಖಾನಾಪುರದಂಥ ತಾಲ್ಲೂಕು ಆಸ್ಪತ್ರೆಯಲ್ಲಿ ಕೂರಿಸಬಹುದು. ತಂಡದ ಸಮಾಜ ಕಾರ್ಯಕರ್ತರ ಜೊತೆ ನಂದಗಡಕ್ಕೋ ಜಾಂಬೋಟಿಗೋ ಮನೆಭೇಟಿಗೆ ಕಳಿಸಬಹುದು. ಮನೋವೈದ್ಯದಲ್ಲಿ ಎಂ.ಡಿ. ಮಾಡುವವರೆಲ್ಲ ಮೂರು ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ದುಡಿಯಬೇಕೆಂಬುದು ಈಗಾಗಲೇ ಕಡ್ಡಾಯ. ಆ ಮೂರು ತಿಂಗಳು ದೊಡ್ಡ ಊರಿನ ದೊಡ್ಡ ಕಟ್ಟಡದಲ್ಲೇ ಕಳೆದುಹೋಗದೆ ತಾಲ್ಲೂಕಿನ ಜನಕ್ಕೆ ಸಿಗಬೇಕು. ಪ್ರವೇಶಕ್ಕೆ ಸಂದರ್ಶನ ಇಡಿ ಎಂದು ನಾನು ಹೇಳುವುದಿಲ್ಲ. ಸಂದರ್ಶನವೆಂದರೆ ನಮ್ಮಲ್ಲಿ ಶಿಫಾರಸು ನುಗ್ಗುತ್ತದೆ. ಅಂಕದ ಮೇಲೆ ಸೀಟು ಕೊಡುವುದೇ ಬಡವರ ಮಕ್ಕಳಿಗೆ ಕ್ಷೇಮ. ಆದರೆ ಸೇರಿದ ಮೊದಲ ಆರು ತಿಂಗಳೊಳಗೆ, ಕನ್ನಡದಲ್ಲಿಯೋ ಮರಾಠಿಯಲ್ಲಿಯೋ, ರೋಗಿಯೊಬ್ಬರ ಜೊತೆ ಪೂರ್ಣ ಸಂದರ್ಶನ ನಡೆಸಿ ಗುರುಗಳ ಮುಂದೆ ತೋರಿಸಬೇಕೆಂಬ ನಿಯಮವನ್ನು ಕಾಲೇಜುಗಳು ಮಾಡಬಹುದು. ಹೊರರಾಜ್ಯದಿಂದ ಬಂದವರಿಗೂ ಅದು ಅನ್ವಯಿಸಲಿ. ಭಾಷೆ ಬಾರದಿದ್ದರೆ ಕಲಿಸಿ, ಬಿಟ್ಟುಬಿಡಬೇಡಿ.

ಕಾಗದಪತ್ರದ ವಿಷಯವನ್ನೂ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ಪದವಿ ಅಸಲಿಯೋ ನಕಲಿಯೋ ಎಂದು ಮೂಲ ವಿಶ್ವವಿದ್ಯಾಲಯದಿಂದಲೇ ತಿಳಿದುಕೊಳ್ಳುವುದು ಸರಿಯಾದ ಕ್ರಮ. ಆದರೆ ಅದಕ್ಕೊಂದು ಅವಧಿ ಬೇಕು. ಅರ್ಜಿ ಕೊಟ್ಟವರಿಗೆ ಅದು ಯಾವ ಮೇಜಿನ ಮೇಲಿದೆ, ಯಾವ ತಾರೀಖಿಗೆ ತೀರ್ಮಾನ ಎಂದು ಗೊತ್ತಾಗಬೇಕು. ಬೆಳಗಾವಿಯಿಂದ ಬೆಂಗಳೂರಿಗೆ ಐನೂರು ಕಿಲೋಮೀಟರ್. ಒಂದು ಮುದ್ರೆಗಾಗಿ ಆ ದಾರಿಯನ್ನು ಮತ್ತೆ ಮತ್ತೆ ಅಳೆಯುವಂತೆ ಮಾಡುವುದರಿಂದ ಯಾವ ರೋಗಿಯ ಕ್ಷೇಮವೂ ಹೆಚ್ಚುವುದಿಲ್ಲ.

ಇನ್ನೊಂದು ಅವಕಾಶದ ಕಡೆಗೂ ಸರಕಾರದ ಗಮನ ಸೆಳೆಯಬೇಕು. ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಮನೋವೈದ್ಯ ಯಾರೆಂದು ಹೇಳುವಾಗ ಸ್ನಾತಕೋತ್ತರ ಪದವಿ ಅಥವಾ ಡಿಪ್ಲೊಮಾ ಪಡೆದವರ ಜೊತೆಗೆ, ಮನೋವೈದ್ಯದಲ್ಲಿ ಜ್ಞಾನ ಮತ್ತು ಅನುಭವವಿರುವ ವೈದ್ಯಾಧಿಕಾರಿಯನ್ನು ಆ ಕಾಯಿದೆಯ ಉದ್ದೇಶಕ್ಕೆ ಮನೋವೈದ್ಯನೆಂದು ಘೋಷಿಸುವ ಅಧಿಕಾರವನ್ನೂ ರಾಜ್ಯ ಸರಕಾರಕ್ಕೆ ಕೊಟ್ಟಿದೆ. ಹೊರದೇಶದಲ್ಲಿ ವರ್ಷಗಟ್ಟಲೆ ಮನೋವೈದ್ಯ ವಿಭಾಗದಲ್ಲಿ ದುಡಿದು, ಇಲ್ಲಿಯ ಅರ್ಹತಾ ಪರೀಕ್ಷೆಯನ್ನೂ ಪಾಸಾಗಿ ಸರಕಾರಿ ಸೇವೆಗೆ ಸೇರಿದ ವೈದ್ಯಾಧಿಕಾರಿ ಇದ್ದರೆ, ಡಿಮ್ಹಾನ್ಸ್ ಅಥವಾ ನಿಮ್ಹಾನ್ಸ್‌ನ ಹಿರಿಯರಿಂದ ಅವರನ್ನು ತೂಗಿಸಿ ನೋಡಿ, ಯೋಗ್ಯರೆನಿಸಿದರೆ ಈ ಅಧಿಕಾರವನ್ನು ಬಳಸಬೇಕು. ಎಂ.ಡಿ. ಸೀಟು ಸಿಗುವವರೆಗೆ ಅವರ ಅನುಭವವನ್ನು ಕಪಾಟಿನಲ್ಲಿಡುವಷ್ಟು ಶ್ರೀಮಂತರು ನಾವಲ್ಲ.

ಕೊನೆಯದಾಗಿ ತಂದೆ ತಾಯಿಯರಿಗೆ ಒಂದು ಮಾತು. ಮಗನನ್ನೋ ಮಗಳನ್ನೋ ಹೊರದೇಶಕ್ಕೆ ಕಳಿಸುವ ಮೊದಲು ಏಜೆಂಟನ ಬಾಯಿಮಾತು ಕೇಳಬೇಡಿ. 54 ತಿಂಗಳು, ಅಲ್ಲೇ ಇಂಟರ್ನ್‌ಶಿಪ್, ಆ ದೇಶದಲ್ಲೇ ನೋಂದಣಿಗೆ ಅರ್ಹತೆ, ಈ ಮೂರನ್ನೂ ಬರಹದಲ್ಲಿ ಕೇಳಿ ಪಡೆಯಿರಿ. ಓದುತ್ತಿರುವ ಮಕ್ಕಳಿಗೆ ಹೇಳುವುದು: ರಜೆಗೆ ಊರಿಗೆ ಬಂದಾಗ ಒಂದು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಹೋಗಿ, ಅನುಮತಿ ಪಡೆದು, ಒಂದು ಮೂಲೆಯಲ್ಲಿ ಕೂತು ನಿಮ್ಮ ಜನ ಮಾತಾಡುವುದನ್ನು ಕೇಳಿ. ಮನೋವೈದ್ಯವನ್ನು ಆರಿಸಿಕೊಳ್ಳಿ, ಈ ಜಿಲ್ಲೆಗೆ ನೀವು ಬೇಕು. ಮತ್ತು ಇದನ್ನು ಕೇಳುತ್ತಿರುವ ಯಾರಿಗಾದರೂ, ನಿಮ್ಮ ಮನೆಯಲ್ಲಿ ಯಾರಿಗಾದರೂ ನಿದ್ದೆ ಬಾರದೆ, ಬದುಕು ಬೇಡವೆನಿಸಿ ಸಂಕಟವಾಗುತ್ತಿದ್ದರೆ ಮಂಗಳವಾರದವರೆಗೂ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲಿರಲಿ ರಾತ್ರಿಯಿರಲಿ, ಹಣವಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು.